ಕಾಲುವಿ ದಂಡಿ ಮ್ಯಾಲೆ 50 ಕಿ.ಮೀ. ಓಡಬೇಕಂತ ಮಾಡೀವಿ, ಸಪಾಟ ಐತಿ ಅಂದ್ರ ಸರಳ ಇರತೈತೇನ್ರಿ?

ಗಂಗಾವತಿ_ಗಾಲಿ

ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲಿ ಓಡೋ ಮಂದಿ ಬಾಳ ಅದೀರಿ ಅಂತ ಗೊತ್ತೈತಿ, ಅದಕ್ಕ ಕೇಳಾಕತ್ತೀನಿ, ಸ್ವಲ್ಪ ಉದ್ದ ಆಗತೈತಿ ಬ್ಯಾಸರ ಮಾಡ್ಕೋಬ್ಯಾಡ್ರಿ.

ನಾನು ಗಂಗಾವತಿಯಾಂವ, 38 ವಯಸ್ಸು, ರೈಸ್ ಮಿಲ್ಲಿನಾಗ ಲೆಕ್ಕ ಬರಿಯೋ ಕೆಲಸ, ಅಂದ್ರ ಮುಂಜಾನಿಂದ ಸಂಜೀತನಕ ಕುಂತ ಜಾಗ ಬಿಟ್ಟು ಏಳೋದಿಲ್ಲ. ಮೂರು ವರ್ಷದ ಹಿಂದ ಶುಗರ್ ಬಾರ್ಡರಿನಾಗ ಐತಿ ಅಂದ್ರು, ಅವತ್ತಿಂದ ಓಡಾಕ ಹತ್ತೀನಿ. ನಾಕು ಹಾಫ್ (21 ಕಿಲೋಮೀಟರ್) ಆದ್ವು, ಹೋದ ವರ್ಷ ಬೆಂಗಳೂರಾಗ ಒಂದು ಫುಲ್ ಮ್ಯಾರಥಾನ್ 4 ತಾಸು 50 ನಿಮಿಷದಾಗ ಮುಗಿಸಿದೆ. ಈಗ ನಾವು ನಾಕು ಮಂದಿ ಗೆಳ್ಯಾರು ಸೇರಿ ನಮ್ಮಷ್ಟಕ್ಕ ನಾವ ಒಂದು ಅಲ್ಟ್ರಾ, ಅಂದ್ರ ಮ್ಯಾರಥಾನ್‌ಗಿಂತ ಉದ್ದಂದು, ಓಡಬೇಕಂತ ಮಾಡೀವಿ. ಮೆಡಲ್ಲಿಲ್ಲ, ಟೀ ಶರ್ಟ್ ಇಲ್ಲ, ಫೀಸ್ ಅಂತೂ ಇಲ್ಲ. ತುಂಗಭದ್ರಾ ಎಡದಂಡಿ ಕಾಲುವಿ ದಂಡೀಗುಂಟ ಕಾರಟಗಿ ಕಡೆ 50 ಕಿಲೋಮೀಟರ್. ಆನೆಗುಂದಿ ಗುಡ್ಡದ ಕಡೆ ಓಡೂಣು ಅಂದ್ರ ಒಬ್ಬಾಂವ ಒಪ್ಪಲಿಲ್ಲ, "ಗುಡ್ಡ ಯಾಕ ಬೇಕಲೇ, ಕಾಲುವಿ ಸಪಾಟ ಐತಿ, ಫುಲ್ ಮ್ಯಾರಥಾನ್ ಓಡೀವಿ, ಅದಕ್ಕ ಇನ್ನೊಂದು 8 ಕಿಲೋಮೀಟರ್ ಜೋಡಿಸಿದ್ರ ಆತು" ಅಂದ. ನನಗೂ ಖರೇ ಅನಸ್ತು.

ಈಗ ತ್ರಾಸ ಏನಂದ್ರ, ವಾರಕ್ಕೊಮ್ಮೆ ಲಾಂಗ್ ರನ್ ಮಾಡಾಕತ್ತೀನಿ, 28 ಕಿಲೋಮೀಟರ್‌ತನಕ ಹೋಗೀನಿ. ಆದ್ರ 22-23 ದಾಟಿದ ಮ್ಯಾಲೆ ಬಲಗಾಲ ಮೊಣಕಾಲಿನ ಹೊರಗಿನ ಮಗ್ಗಲಾ ಸೂಜಿ ಚುಚ್ಚಿದಂಗ ಆಗತೈತಿ. ಎಡಗಾಲು ಏನೂ ಇಲ್ಲ, ಬರೇ ಬಲಗಾಲು. ಊರಾಗಿನ ಡಾಂಬರ್ ರಸ್ತೆ ಮ್ಯಾಲೆ 21 ಓಡಿದ್ರ ಇದು ಬರೂದಿಲ್ಲ, ಕಾಲುವಿ ಮ್ಯಾಲೆ ಅಷ್ಟ. ಶೂ ಹೊಸಾವು, ಮೂರು ತಿಂಗಳ ಆಗೇತಿ.

ಇನ್ನೊಂದು, ದಿನ ಯಾವುದು ಇಟ್ಕೋಬೇಕು? ದಸರಾ ಆದ ಮ್ಯಾಲಿನ ಸೀಗಿ ಹುಣ್ಣಿವಿ ಇಲ್ಲಾ ದೀಪಾವಳಿ ಆದ ಮ್ಯಾಲಿನ ಗೌರಿ ಹುಣ್ಣಿವಿ ಅಂತ ಮಾತಾಡಾಕತ್ತೀವಿ, ಬೆಳಕ ಇರತೈತಿ ನಸುಕಿನಾಗ 4ಕ್ಕ ಬಿಟ್ರ 11ರ ಒಳಗ ಮುಗೀತೈತಿ ಅಂತ. ನೀರಿನ ಚಿಂತಿ ಇಲ್ಲ, ಸೆಕಿ ಆದ್ರ ಕಾಲುವ್ಯಾಗ ತಲಿ ಅದ್ದಿಕೊಂಡ್ರ ಆತು. ತಿನ್ನಾಕ ಏನ ಒಯ್ಯಬೇಕು? ಓಡೋರು ನುಂಗೋ ಆ ಸಿಹಿ ಜೆಲ್ ಪಾಕೀಟು ಒಂದಕ್ಕ ನೂರು ರೂಪಾಯಿ ಮ್ಯಾಲೆ ಹೇಳ್ತಾರ, ಅದ ಬೇಕೇಬೇಕಾ?


ರಾಯಚೂರ_ಬಿಸಿಲು

ತಮ್ಮಾ, ನಿನ್ನ ಗೆಳೆಯಗ ಹೇಳು, ಆ 8 ಕಿಲೋಮೀಟರ್ ಜೋಡಿಸೋ ಲೆಕ್ಕ ಮಿಲ್ಲಿನಾಗ ನಡೀತದ, ಕಾಲಿನಾಗ ನಡ್ಯಂಗಿಲ್ಲ.

ನನಗ 51. ಎರಡು ಸಲ 50 ಓಡೀನಿ. ಮೊದಲನೇದ್ದು ಬೆಂಗಳೂರ ಹೊರಗ, ನೆಲ ಸಪಾಟ, ಅದ ಹಾದಿ ಸುತ್ತಿ ಸುತ್ತಿ ಓಡೋದು. ನಾನೂ ನಿನ್ನಂಗ ಅನ್ಕೊಂಡಿದ್ದೆ. 36ನೇ ಕಿಲೋಮೀಟರಿಗೆ ಕಾಲು ಕಟ್ಟಿಗಿ ಆದ್ವು, ಉಳಿದ 14 ಕಿಲೋಮೀಟರ್ ನಡಕೋತ ಹೋದೆ, ಮೂರು ತಾಸು ಹಿಡೀತು. ಎರಡನೇದ್ದು ಚಿಕ್ಕಮಗಳೂರ ಕಡೆ ಕಾಫಿ ತೋಟದಾಗ, ಏರು ಅಂದ್ರ ಏರು, ಎದಿ ಮ್ಯಾಲೆ ಕುಂತಂಗ ಆಗ್ತಿತ್ತು. ಟೈಮ್ ಜಾಸ್ತಿ ಹಿಡೀತು ಖರೆ, ಆದ್ರ ಮರುದಿನ ಸೀದಾ ಆಫೀಸಿಗೆ ಹೋದೆ. ಸಪಾಟದ್ದು ಓಡಿದ ಮರುದಿನ ಮನಿ ಮೆಟ್ಟಿಲು ಹಿಂದಮುಂದಾಗಿ ಇಳದೀನಿ ನೋಡು.

ಯಾಕಂದ್ರ ಗುಡ್ಡದಾಗ ಏರು ಬಂದಕೂಡ್ಲೇ ಎಲ್ಲಾರೂ ನಡೀತಾರ, ಯಾರೂ ನಾಚಿಕಿ ಪಡಂಗಿಲ್ಲ. ಏರಿಗೆ ಒಂದು ಮಾಂಸಖಂಡ, ಇಳಕಲಿಗೆ ಇನ್ನೊಂದು, ಕೆಲಸ ಪಾಳಿ ಮ್ಯಾಲೆ ಹಂಚಿ ಹೋಗ್ತದ. ಸಪಾಟ ನೆಲದಾಗ ಪಾಳಿ ಇಲ್ಲ. ನಿಮಿಷಕ್ಕ 160 ಹೆಜ್ಜಿ ಹಿಡಿ, ಆರೂವರಿ ತಾಸಿಗೆ 60 ಸಾವಿರದ ಮ್ಯಾಲೆ, ಎಲ್ಲಾ ಒಂದ ನಮೂನಿ ಹೆಜ್ಜಿ, ಅದ ಮಾಂಸಖಂಡ, ಅದ ಕೀಲು. ಮತ್ತ ನಡೀಲಿಕ್ಕ ನೆವ ಇಲ್ಲ. ಕಣ್ಣಿಗೆ ಎಲ್ಲಾ ಓಡೋವಂಥಾದ್ದ ಕಾಣಿಸ್ತದ, ಅದಕ್ಕ ಓಡ್ಕೋತ ಹೋಗ್ತೀವಿ, ಕಡೀಕ ಒಮ್ಮೆಲೇ ನಿಂತು ಬಿಡ್ತೀವಿ.

ಅದಕ್ಕ ನೆವ ನೀನ ಮಾಡ್ಕೋಬೇಕು. 9 ನಿಮಿಷ ಓಡು, 1 ನಿಮಿಷ ನಡಿ, ಮೊದಲನೇ ಹತ್ತು ನಿಮಿಷದಿಂದ್ಲೇ. ದಣಿವಾದ ಮ್ಯಾಲೆ ಅಲ್ಲ ಮತ್ತ, ಮೊದಲಿಂದ. ಲೆಕ್ಕದ ಮನುಷ್ಯಾ ಅದೀ, ನೋಡು. ಕಿಲೋಮೀಟರಿಗೆ ಏಳೂವರಿ ನಿಮಿಷದಂಗ ಓಡಿದ್ರ 9 ನಿಮಿಷಕ್ಕ 1.2 ಕಿಲೋಮೀಟರ್. ಒಂದು ನಿಮಿಷ ಜೋರಾಗಿ ನಡದ್ರ 90 ಮೀಟರ್. ಸರಾಸರಿ ಎಷ್ಟಾತು, ಕಿಲೋಮೀಟರಿಗೆ 7 ನಿಮಿಷ 45 ಸೆಕೆಂಡ್. ಅಂದ್ರ 50 ಕಿಲೋಮೀಟರಿಗೆ ನೀ ಕಳಕೊಳ್ಳೋದು ಬರೇ 12-13 ನಿಮಿಷ. ನಾ 36ನೇ ಕಿಲೋಮೀಟರಿನಾಗ ನಿಂತು ಕಳಕೊಂಡದ್ದು ಒಂದು ತಾಸಿನ ಮ್ಯಾಲೆ.

ಮೊದಲ ತಾಸಿನಾಗ ನಿನ್ನ ಗೆಳ್ಯಾರು ನಗ್ತಾರ, ನಗಲಿ ಬಿಡು.

ಮೊಣಕಾಲಿಂದು ನನಗ ಗೊತ್ತಾಗ್ಲಿಲ್ಲಪ. ಶೂ ಅಂತೂ ಅಲ್ಲ, ಡಾಂಬರ್ ಮ್ಯಾಲೆ ಬರಂಗಿಲ್ಲ ಅಂತಿ.


ಗಂಗಾವತಿ_ಗಾಲಿ

ಸರ್ ಈ 12 ನಿಮಿಷದ ಲೆಕ್ಕ ನೋಡಿ ತಲಿ ತಿರಗ್ತು. ಎರಡೆರಡು ಸಲ ಹಾಕಿ ನೋಡಿದೆ, ಬರೋಬ್ಬರಿ ಐತಿ. ಇಷ್ಟು ದಿನ ನಡದ್ರ ಸೋತಂಗ ಅಂತ ಹಲ್ಲು ಕಚ್ಚಿ ಓಡಾಕತ್ತಿದ್ದೆ.


ಸಿಂಧನೂರ_ಎರಿಹೊಲ

ನಾ ಓಡಾಂವಲ್ಲ ರೈತ. ಮಗ ಮೊಬೈಲಿನಾಗ ಇದನ್ನ ತೋರಿಸಿ ನಕ್ಕ, ಅದಕ್ಕ ಬರ್ಯಾಕತ್ತೀನಿ. ಕಾಲುವಿ ದಂಡಿ ಮ್ಯಾಲೆ ಎಮ್ಮಿ ಓಡಿದ್ದು ನೋಡೀನಿ, ಮನಷ್ಯಾರು ಖುಷಿಗೆ 50 ಕಿಲೋಮೀಟರ್ ಓಡ್ತಾರಂತ ಈಗ ಗೊತ್ತಾತು. ಇರ್ಲಿ.

ಒಂದು ಮಾತು ಕೇಳ್ತೀನಿ, ನೀ ಓಡಿ ವಾಪಸ್ ಓಡಿ ಬರ್ತೀಯೋ, ಇಲ್ಲಾ ಒಂದ ಕಡೆ ಹೋಗಿ ಗಾಡಿ ಮ್ಯಾಲೆ ಬರ್ತೀಯೋ? ಯಾಕ ಕೇಳಾಕತ್ತೀನಿ ಅಂದ್ರ, ನಮ್ಮ ಕಾಲುವಿ ಮ್ಯಾಲಿನ ಏರಿಗುಂಟ ಹೋಗತೈತಿ, ಹೊಲ ಎಲ್ಲಾ ಕೆಳಗ ಹೊಳಿ ಕಡೀಗೆ. ಕೆಳಗ ನೀರು ಹರ್ದಂಗ ಹೋದ್ರ ಕಾಲುವಿ ಎಡಕ್ಕ, ಭತ್ತದ ಹೊಲ ಬಲಕ್ಕ. ದಂಡಿ ಮ್ಯಾಲಿನ ಗರಸಿನ ಹಾದಿ ಹೊಲದ ಕಡೆ ವಾಲಿರತೈತಿ, ಮಳಿ ನೀರು ಆ ಕಡೆ ಇಳಿಲಿ ಅಂತ. ಕಣ್ಣಿಗೆ ಕಾಣೂದಿಲ್ಲ, ಆದ್ರ ಐತಿ. ಭತ್ತ ಹೇರಿಕೊಂಡು ದಿನಾ ಅದ ದಿಕ್ಕಿನಾಗ ಹೋಗಿ ಹೋಗಿ ನಮ್ಮ ಟ್ರೇಲರಿನ ಬಲಗಡಿ ಟಾಯರ್ ಎಡಗಡೀದಕ್ಕಿಂತ ಮೊದಲು ಸವೀತೈತಿ. ನಿನ್ನ ಬಲಗಾಲೂ ಹಂಗ ಸವ್ಯಾಕತ್ತೈತಿ ಅಂತ ನನಗ ಅನಸ್ತೈತಿ.

ಮತ್ತ ಕಾಲುವ್ಯಾಗ ತಲಿ ಅದ್ದತೀನಿ ಅಂದೆಲ್ಲಾ, ಆ ಮಾತು ಇವತ್ತಿಗೆ ಬಿಟ್ಟುಬಿಡು. ನವೆಂಬರ್‌ದಾಗ ಕಾಲುವಿ ತುಂಬಿ ಹರೀತಿರತೈತಿ. ಇಳಿಜಾರು ಸಿಮೆಂಟಿನ ಮ್ಯಾಲೆ ಪಾಚಿ, ಕಾಲಿಟ್ರ ಜಾರಿ ಒಳಗ, ಈಜು ಬಂದಾಂವಗೂ ಹಿಡಕೊಳ್ಳಾಕ ಏನೂ ಸಿಗೂದಿಲ್ಲ. ನೀನು 30 ಕಿಲೋಮೀಟರ್ ಓಡಿ ಕಾಲು ನಡುಗೋ ಹೊತ್ತಿನಾಗ ಬಗ್ಗಿ ನೀರು ಮುಟ್ಟಾಕ ಹೋಗ್ತಿ! ಹಗ್ಗ ಕಟ್ಟಿದ ಬಕೀಟು ಇಟ್ಕೋರಿ, ಅದೂ ಹಿಂದ ಗಾಡಿ ಮ್ಯಾಲೆ ಬರೋ ಗಟ್ಟಿ ಕಾಲಿನ ಹುಡುಗನ ಕೈಯಾಗ. ಕುಡಿಯೋದಂತೂ ಬ್ಯಾಡ, ಊರೂರಿನ ಎಲ್ಲಾ ಅದರಾಗ ಬಂದಿರತೈತಿ.


ಗಂಗಾವತಿ_ಗಾಲಿ

ಅಣ್ಣಾ ನಿಮ್ಮ ಪಾದ ಎಲ್ಲಿ ಅದಾವ ತೋರಿಸ್ರಿ. ಹೌದು, ಒಂದ ಕಡೆ ಓಡ್ತೀನಿ, ಅಳಿಯ ಬೈಕ್ ತಂದು ಕರಕೊಂಡು ಬರ್ತಾನ. ಪ್ರತಿ ಸಲ ಹಂಗ. ಕಾಲುವಿ ಎಡಕ್ಕ, ಹೊಲ ಬಲಕ್ಕ. ಫಿಜಿಯೋ ಕಡೆ ಹೋದ್ರ 500 ರೂಪಾಯಿ ತಗೊಂಡು ರೆಸ್ಟ್ ಮಾಡು ಅಂದ್ರು, ಓಡೋ ಹಾದಿ ಹೆಂಗೈತಿ ಅಂತ ಒಬ್ಬರೂ ಕೇಳಲಿಲ್ಲ.


ರಾಯಚೂರ_ಬಿಸಿಲು

ಟ್ರ್ಯಾಕ್ಟರ್ ಡಾಕ್ಟರ್ ಹೇಳಿದ್ದು ಖರೇ ಅದ ನೋಡ್ರಿ, ನನಗ ಹೊಳೀಲೇ ಇಲ್ಲ. ಸೊಂಟದಿಂದ ಮೊಣಕಾಲ ಹೊರಮಗ್ಗಲಿಗೆ ಒಂದು ಪಟ್ಟಿ ಇಳೀತದ, ಐಟಿ ಬ್ಯಾಂಡ್ ಅಂತಾರ. ವಾಲಿದ ಹಾದಿ ಮ್ಯಾಲೆ ಕೆಳಗಡೆ ಬರೋ ಕಾಲಿಗೆ ಅದು ಎಳೀತದ. 22 ಕಿಲೋಮೀಟರ್ ಆದ ಮ್ಯಾಲೆ ಹೊರಮಗ್ಗಲಾ ಚುಚ್ಚೋದು ಅಂದ್ರ ಅದ ಲಕ್ಷಣ. ಇನ್ಮುಂದ 14 ಹೋಗು 14 ಬಾ. ಇಲ್ಲಾ ಹಾದಿ ನಡುವಿನ ಹುಲ್ಲಿನ ಗೆರಿ ಹಿಡಿ, ಗಾಲಿ ತುಳದ ಸಾಲು ಬಿಡು. ಮೂರು ವಾರದಾಗ ಕಮ್ಮಿ ಆಗ್ಲಿಲ್ಲ ಅಂದ್ರ ಓಡೋದು ನಿಲ್ಲಿಸಿ ಮತ್ತ ತೋರಸು, ಹಲ್ಲು ಕಚ್ಚಬ್ಯಾಡ. ಮತ್ತ ಒಂದ ಕಾಲ ಮ್ಯಾಲೆ ನಿಂತು ಕುಂತೇಳೋ ಕಸರತ್ತು, ಮಗ್ಗಲಾ ಮಲಗಿ ಕಾಲೆತ್ತೋದು, ಸೊಂಟಕ್ಕ ಬಲ ಬರ್ಲಿ.


ಬಳ್ಳಾರಿ_ಬೆಳಗಿನಜಾವ

ನಾನು ಬಳ್ಳಾರಿಯವಳು, ಸ್ಟಾಫ್ ನರ್ಸ್, ನೈಟ್ ಡ್ಯೂಟಿ ಮುಗಿಸಿ ಬಂದು ಓದ್ತಾ ಇದೀನಿ. ಓಡೋದು ಆರು ವರ್ಷದಿಂದ ಐತೆ. ಎಲ್ರೂ ಕಾಲಿನ ಬಗ್ಗೆನೇ ಹೇಳ್ತಿದೀರಿ, ನಾನು ಹೊಟ್ಟೆ ಬಗ್ಗೆ ಹೇಳ್ತೀನಿ, ಯಾಕಂದ್ರೆ ನಾನು ನೋಡಿದ ಮಟ್ಟಿಗೆ ಜನ ಕೂತು ಬಿಡೋದು ಜಾಸ್ತಿ ಹೊಟ್ಟೆ ಕೆಟ್ಟು.

ಜೆಲ್ ಬೇಕೇಬೇಕು ಅಂತಿಲ್ಲಣ್ಣ. ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೋದ್ರೆ ಸಾಕು. ಒಂದು ಬಾಳೆಹಣ್ಣಿಗೆ ಹೆಚ್ಚುಕಡಿಮೆ 25 ಗ್ರಾಂ, ಸಣ್ಣ ನಿಂಬೆಹಣ್ಣಿನಷ್ಟು ಬೆಲ್ಲಕ್ಕೂ ಅಷ್ಟೇ. ಬೆಲ್ಲದಲ್ಲಿರೋದು ಬಹುಪಾಲು ಸುಕ್ರೋಸ್, ಅದು ಹೊಟ್ಟೆಯೊಳಗೆ ಅರ್ಧ ಗ್ಲೂಕೋಸ್ ಅರ್ಧ ಫ್ರಕ್ಟೋಸ್ ಆಗಿ ಒಡಿಯುತ್ತೆ, ಎರಡಕ್ಕೂ ಕರುಳಿನಲ್ಲಿ ಬೇರೆ ಬೇರೆ ಬಾಗಿಲು, ಹಂಗಾಗಿ ಒಂದೇ ಬಾಗಿಲಲ್ಲಿ ನೂಕುನುಗ್ಗಲು ಆಗಲ್ಲ. ಜೆಲ್ ಕಂಪನಿಯೋರು ಇದನ್ನೇ ಪಾಕೀಟಿನ ಮೇಲೆ ದೊಡ್ಡದಾಗಿ ಬರೀತಾರೆ. ಆದ್ರೆ ಐದು ಗಂಟೆ ಸಿಹಿ ತಿಂದ್ರೆ ವಾಕರಿಕೆ ಬರುತ್ತೆ, ಅದಕ್ಕೆ ಉಪ್ಪಿಂದು ಏನಾದ್ರೂ ಇರ್ಲಿ, ನಾನು ಮೊಸರನ್ನ ಉಂಡೆ ಕಟ್ಟಿ ಒಯ್ತೀನಿ, ಉಪ್ಪು ಸ್ವಲ್ಪ ಮುಂದಾಗಿ ಹಾಕಿ. ಶೇಂಗಾ ಚಿಕ್ಕಿ ಮೊದಲ ಎರಡು ಗಂಟೆ ಓಕೆ, ಆಮೇಲೆ ಎಣ್ಣೆ ಅಂಶ ಭಾರ ಆಗುತ್ತೆ. ಒಗ್ಗರಣೆ ಮಿರ್ಚಿ ಮಾತ್ರ ಓಟ ಮುಗಿದ ಮೇಲೆ, ದಯವಿಟ್ಟು. ಕಳೆದ ಸಲ ನಮ್ಮ ಗುಂಪಲ್ಲಿ ಒಬ್ರು 25ನೇ ಕಿಲೋಮೀಟರಿಗೆ ಬಿಸಿ ಮಿರ್ಚಿ ಎರಡು ತಿಂದು 27ನೇ ಕಿಲೋಮೀಟರಿಗೆ ಜಾಲಿ ಗಿಡದ ಹಿಂದೆ ಹೋದ್ರು, ಬರೋಕೆ 40 ನಿಮಿಷ.

ಯಾವುದೇ ಆಗ್ಲಿ ಲಾಂಗ್ ರನ್ನಲ್ಲೇ ತಿಂದು ಅಭ್ಯಾಸ ಮಾಡ್ರಿ. ಶುಗರ್ ಬಾರ್ಡರ್ ಅಂತ ಬರೆದಿದೀರಿ, ಓಡುವಾಗ ಆ ಸಕ್ಕರೇನ ಮಾಂಸಖಂಡ ಬಳಸ್ಕೊಳ್ಳುತ್ತೆ, ಆದ್ರೂ ನಿಮ್ಮನ್ನ ನೋಡೋ ಡಾಕ್ಟರಿಗೆ ಒಂದು ಮಾತು ಕೇಳಿ. ಮಾತ್ರೆ ತಗೊಳ್ತಿದ್ರೆ ಕೇಳಲೇಬೇಕು.

ನೀರು. ಬಾಯಾರಿದಾಗ ಕುಡೀರಿ, ಬಾಯಾರದೆ ಸುಮ್ಮನೆ ಲೀಟರ್‌ಗಟ್ಟಲೆ ಇಳಿಸ್ಬೇಡಿ. ನಮ್ಮ ಕಡೆ ಬಿಸಿಲಿಗೆ ಹೆದರಿ ಜನ ಬರೀ ನೀರು ಕುಡೀತಾರೆ, ರಕ್ತದಲ್ಲಿ ಸೋಡಿಯಂ, ಅಂದ್ರೆ ಉಪ್ಪಿನ ಅಂಶ, ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿಯುತ್ತೆ. ಕೈಬೆರಳು ಊದಿ ಉಂಗುರ ಬಿಗಿಯಾಗೋದು, ತಲೆನೋವು, ವಾಂತಿ, ಮಾತು ತಪ್ಪೋದು. ಅದನ್ನ ನೋಡಿ ಸುತ್ತಲಿನವರು ನೀರು ಕಮ್ಮಿ ಆಗೈತೆ ಅಂತ ಇನ್ನೂ ನೀರು ಕುಡಿಸ್ತಾರೆ, ಅಲ್ಲೇ ಜೀವ ಹೋಗೋದು. ಓಡೋಕೆ ಮುಂಚೆ, ಓಡಿ ಬಂದ ಮೇಲೆ ತೂಕ ನೋಡ್ಕೊಳ್ರಿ. ಒಂದೆರಡು ಕೇಜಿ ಇಳಿದಿದ್ರೆ ಗಾಬರಿ ಬೇಡ, ಏರಿದ್ರೆ ಕುಡಿದದ್ದು ಜಾಸ್ತಿ ಆಯ್ತು ಅಂತ. ಓಆರ್‌ಎಸ್ ಪುಡಿ ಒಂದು ಲೀಟರಿಗೆ ಕಲಿಸೋ ಪಾಕೀಟು ತಗೊಳ್ಳಿ, ಜ್ಯೂಸ್ ಡಬ್ಬಿ ಥರ ಸಿಗೋದಲ್ಲ. ಪುಡಿ ಸಿಗಲಿಲ್ಲ ಅಂದ್ರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪಿನ ಮಜ್ಜಿಗೆನೂ ಆಗುತ್ತೆ.

ಇನ್ನೊಂದು ಕೈಮುಗಿದು ಹೇಳ್ತೀನಿ, ಮೊಣಕಾಲು ನೋವು ಅಂತ ಮಧ್ಯದಲ್ಲಿ ನೋವಿನ ಮಾತ್ರೆ ನುಂಗ್ಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವೆಲ್ಲ ಕಿಡ್ನಿಗೆ ಹೋಗೋ ರಕ್ತ ಕಮ್ಮಿ ಮಾಡ್ತವೆ, ನೀರು ಕಮ್ಮಿಯಾದ ಮೈಯಲ್ಲಿ ಅದು ಡಬಲ್ ಪೆಟ್ಟು. ನನ್ನ ಜೊತೆ ಓಡೋ ಹುಡುಗ ಒಬ್ಬ ಎರಡು ಮಾತ್ರೆ ಜೇಬಲ್ಲಿಟ್ಕೊಂಡು ಬಂದು ನುಂಗಿದ್ದ, ಸಂಜೆ ಮೂತ್ರ ಕೋಲಾ ಬಣ್ಣದಲ್ಲಿ ಬಂತು ಅಂತ ಫೋನ್ ಮಾಡಿದ. ಮೂರು ದಿನ ಡ್ರಿಪ್. ಆ ಬಣ್ಣ ಕಂಡ್ರೆ ಮನೇಲಿ ಕೂರಬಾರದು.

ತೊಡೆ ಸಂದಿಗೆ, ಕಂಕುಳಿಗೆ ವ್ಯಾಸಲಿನ್, ಗಂಡಸರು ಎದೆಗೂ ಹಚ್ಕೊಳ್ಳಿ, ನಾಚಿಕೆ ಬೇಡ. ಹಚ್ಕೊಳ್ಳದೆ ಓಡಿ ಬಂದು ಸ್ನಾನಕ್ಕೆ ನಿಂತಾಗ ಚರ್ಮ ಉಜ್ಜಿ ಸುಲಿದದ್ದು ಗೊತ್ತಾಗುತ್ತೆ.


ಕೋಟೆ_ಕೆಳಗಿನವ

ನನ್ನೂರೂ ಬಳ್ಳಾರಿ, ಈಗ ಬೆಂಗಳೂರಲ್ಲಿದೀನಿ. ಕೆಲಸದ ಮೇಲೆ ಮೂರು ವರ್ಷ ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದೆ, ಅಲ್ಲಿ ಜೆಎಫ್‌ಕೆ 50 ಮೈಲ್ ಅಂತ ಒಂದು ಓಟ, 1963ರಿಂದ ನಡೀತಿದೆ, ನವೆಂಬರ್‌ನಲ್ಲಿ. ಒಂದ್ಸಲ ಓಡಿದೀನಿ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಅದರಲ್ಲಿ ಒಟ್ಟು 80 ಕಿಲೋಮೀಟರ್‌ನಲ್ಲಿ ಮಧ್ಯದ 42 ಕಿಲೋಮೀಟರ್ ಕಾಲುವೆ ದಂಡೆನೇ. ಪೊಟೋಮ್ಯಾಕ್ ನದಿ ಪಕ್ಕದ ಹಳೇ ಕಾಲುವೆ, ಹಿಂದೆ ದೋಣಿಗಳನ್ನ ಹೇಸರಗತ್ತೆ ಕಟ್ಟಿ ದಡದಿಂದ ಎಳೀತಿದ್ರಂತೆ, 1924ರಲ್ಲಿ ನಿಂತು ಹೋಯ್ತು. ಹೇಸರಗತ್ತೆ ನಡೀತಿದ್ದ ಹಾದಿಯಲ್ಲಿ ಈಗ ನಾವು ಓಡೋದು. ಆ ಕಾಲುವೆ ಒಟ್ಟು 297 ಕಿಲೋಮೀಟರ್, ನಮ್ಮ ಎಡದಂಡೆ 227, ಹಾಗಾಗಿ ನಿಮಗೆ ಜಾಗ ಏನೂ ಕಮ್ಮಿ ಇಲ್ಲ ಬಿಡಿ 😀

ಮೊದಲ 25 ಕಿಲೋಮೀಟರ್ ಬೆಟ್ಟ, ಕಲ್ಲು, ಉದುರಿದ ಎಲೆ ಕೆಳಗೆ ಕಲ್ಲು ಕಾಣಲ್ಲ, ಅಲ್ಲಿ ಎಡವಿ ಬಿದ್ದವರು ಸಿಕ್ಕಿದ್ರು, ಆದ್ರೆ ಸೋತು ಕೂತವರು ಸಿಗಲಿಲ್ಲ. ಕೂತವರೆಲ್ಲ ಸಿಕ್ಕಿದ್ದು ಕಾಲುವೆ ಮೇಲೆ. ಎಡಗಡೆ ನದಿ, ಬಲಗಡೆ ಕಾಲುವೆ, ಮುಂದೆ ನೋಡಿದ್ರೆ ಹಾದಿ, ಒಂದು ಗಂಟೆ ಬಿಟ್ಟು ನೋಡಿದ್ರೂ ಅದೇ ಹಾದಿ. ನಾನು ಮರ ಎಣಿಸ್ತಾ ಹೋದೆ, ಎಣಿಕೆ ತಪ್ಪಿದಾಗ ಅಳು ಬಂತು, ನಿಜ. ರಾಯಚೂರಿನ ಸರ್ ಹೇಳಿದ ಓಡು-ನಡೆ ಲೆಕ್ಕ ನನಗೆ ಆಗ ಗೊತ್ತಿದ್ದಿದ್ರೆ ಮನಸ್ಸಿಗೂ ಒಳ್ಳೇದಾಗ್ತಿತ್ತು, 50 ಕಿಲೋಮೀಟರ್ ಅಂತ ಇರಲ್ಲ, 9 ನಿಮಿಷ ಅಂತ ಇರುತ್ತೆ.

ಸಪಾಟು ಹಾದಿ ವೇಗಕ್ಕೆ ಒಳ್ಳೇದು ಅನ್ನೋದೂ ಸುಳ್ಳಲ್ಲ. 2017ರ ನವೆಂಬರ್‌ನಲ್ಲಿ ಇಲಿನಾಯ್‌ನ ಟನಲ್ ಹಿಲ್ ಅನ್ನೋ ಹಳೇ ರೈಲು ಹಾದಿಯಲ್ಲಿ ಕ್ಯಾಮಿಲ್ ಹೆರನ್ ಅನ್ನೋ ಹೆಂಗಸು 100 ಮೈಲಿನ ಓಟ 12 ಗಂಟೆ 42 ನಿಮಿಷದಲ್ಲಿ ಮುಗಿಸಿದಾರೆ. 161 ಕಿಲೋಮೀಟರ್! ಆದ್ರೆ ಅದು ಅವರ ಕಾಲು.

ಒಂದು ವ್ಯತ್ಯಾಸ ಮಾತ್ರ ನೆನಪಿಡಿ, ಅಲ್ಲಿ ನವೆಂಬರ್ ಅಂದ್ರೆ ಕೈ ಕೊರೆಯೋ ಚಳಿ, ನಾನು ಗ್ಲೌಸ್ ಬಿಚ್ಚಲೇ ಇಲ್ಲ. ಅವರ ಟ್ರೇನಿಂಗ್ ಪ್ಲಾನ್ ಇಂಟರ್ನೆಟ್ಟಲ್ಲಿ ಸಿಗುತ್ತೆ, ಅದರಲ್ಲಿರೋ ಪೇಸ್ (ಓಡೋ ವೇಗ) ನಮ್ಮ ಬಿಸಿಲಿಗೆ ಹಂಗೇ ಹಾಕ್ಕೋಬೇಡಿ.


ಸಿಂಧನೂರ_ಎರಿಹೊಲ

ದಿನದ ಮಾತು ಯಾರೂ ಹೇಳಲಿಲ್ಲ, ನಾನ ಹೇಳ್ತೀನಿ. ಸೀಗಿ ಹುಣ್ಣಿವಿ ಬ್ಯಾಡ. ಅದು ಚಿತ್ತಿ ಮಳಿ ಆಜುಬಾಜು ಬರತೈತಿ, ಅದಾದ ಮ್ಯಾಲೆ ಸ್ವಾತಿ ಮಳಿ. ಬಂತಂದ್ರ ಗರಸು ಇಲ್ಲದ ಕಡೆ ಎರಿ ಮಣ್ಣು ಹೆಂಗಿರತೈತಿ ಗೊತ್ತಲ್ಲಾ? ಹತ್ತು ಹೆಜ್ಜಿ ಇಟ್ರ ಬೂಟಿನ ಕೆಳಗ ಒಂದೊಂದು ಕಿಲೋ ಮಣ್ಣು, ಕಟ್ಟಿಗಿ ತಗೊಂಡು ಕೆರೀಬೇಕು, ಮತ್ತ ಹತ್ತು ಹೆಜ್ಜಿ. ಎತ್ತು ಸೈತ ನಿಂತುಬಿಡ್ತಾವ. ಮತ್ತ ಅವತ್ತು ಹೊಲದಾಗ ಪೂಜಿ, ಚರಗ ಚೆಲ್ಲಾಕ ಮನಿಮಂದಿ ಎಲ್ಲಾ ಬಂದಿರ್ತಾರ, ದಂಡಿ ಮ್ಯಾಲೆ ಗಾಡಿ ನಿಂತಿರ್ತಾವ.

ಗೌರಿ ಹುಣ್ಣಿವಿ ಚಲೋ. ಮಳಿ ಹೋಗಿರತೈತಿ, ನಸುಕಿನಾಗ ಥಂಡಿ. ಆದ್ರ ಅವಾಗ ಭತ್ತ ಕೊಯ್ಲು ಚಾಲೂ ಇರತೈತಿ. ಕಟಾವು ಮಷಿನ್ ದಂಡಿ ಮ್ಯಾಲೆ ಬಂದ್ರ ಪೂರಾ ಹಾದಿ ಅದರದ್ದ, ನೀವು ಪಕ್ಕಕ್ಕ ನಿಂತು ಬಿಡಬೇಕು. ಕೆಲವು ಕಡೆ ಹಾದಿ ಮ್ಯಾಲೆನ ಭತ್ತ ಒಣಾಕ ಹಾಕಿರ್ತಾರ, ಅದರ ಮ್ಯಾಲೆ ಬೂಟು ಹಾಕ್ಕೊಂಡು ಓಡಿದ್ರ ಬೈಗಳ ಗ್ಯಾರಂಟಿ, ನಾನ ಬೈತೀನಿ. ಹುಲ್ಲು ಸುಟ್ಟ ಹೊಗಿ ಇರತೈತಿ ನಸುಕಿನಾಗ, ಕಣ್ಣುರಿ.

ದಂಡಿ ಹಾದಿ ನೀರಾವರಿಯವರದ್ದು, ಆಫೀಸಿಗೆ ಒಂದು ಅರ್ಜಿ ಕೊಟ್ಟು ಒಪ್ಪಿಗಿ ತಗೋರಿ, ಕಾಲುವಿ ನೋಡ್ಕೊಳ್ಳೋ ಗ್ಯಾಂಗ್‌ಮನ್‌ಗಳಿಗೂ ಮುಂಚೇನ ಹೇಳಿರ್ರಿ. ನೀರಿನ ಟೈಮಿನಾಗ ರಾತ್ರಿ ಕಾವಲು ಇರತೈತಿ, ಪಂಪ್‌ಸೆಟ್ ಇಟ್ಟು ನೀರು ಕದೀತಾರಂತ. ನಸುಕಿನಾಗ 4ಕ್ಕ ತಲೀಗೆ ಲೈಟ್ ಕಟ್ಟಿಕೊಂಡು ನಾಕು ಮಂದಿ ದಂಡಿ ಮ್ಯಾಲೆ ಓಡಾಕತ್ತಿದ್ರ ಅವರು ಏನು ತಿಳೀಬೇಕು ಹೇಳು. ನೀವು ಮ್ಯಾರಥಾನ್ ಅಂತೀರಿ, ಅವರು ಬೆನ್ನತ್ತಿ ಓಡ್ತಾರ, ಅದೂ ಮ್ಯಾರಥಾನ್ ಆಗತೈತಿ.

ಹಾವು ಅದಾವ. ಭತ್ತದಾಗ ಇಲಿ ಅದಾವ ಅಂದ ಮ್ಯಾಲೆ ಹಾವು ಇರೋವ. ಲೈಟ್ ಇಲ್ಲದ ಓಡಬ್ಯಾಡ್ರಿ. ಬಳ್ಳಾರಿ ಜಾಲಿ ಮುಳ್ಳು ನಿಮ್ಮ ಆ ಮೆತ್ತನ ಬೂಟಿನ ತಳ ದಾಟಿ ಬರತೈತಿ, ಕಡದ ಟೊಂಗಿ ಬಿದ್ದಲ್ಲಿ ನೋಡಿ ಕಾಲಿಡ್ರಿ.


ಬಳ್ಳಾರಿ_ಬೆಳಗಿನಜಾವ

ನಾಯಿ ಬಗ್ಗೆ ಅಣ್ಣೋರು ಹೇಳಲಿಲ್ಲ. ಕ್ಯಾಂಪುಗಳ, ಅಂದ್ರೆ ಕಾಲುವೆ ಕಡೆಯ ಸಣ್ಣ ಊರುಗಳ ಹತ್ತಿರ ಬಂದಾಗ ಓಡಬೇಡಿ, ನಡೀರಿ. ಓಡೋರನ್ನೇ ಅವು ಅಟ್ಟಿಸ್ಕೊಂಡು ಬರೋದು. ನಾನು ಕೋಲು ಹಿಡ್ಕೊಂಡು ಓಡ್ತೀನಿ, ನೋಡಿದವರು ದನ ಕಾಯೋಕೆ ಹೊಂಟಳು ಅಂದ್ಕೊಳ್ತಾರೆ. ನಿಮ್ಮ ಒಂದು ನಿಮಿಷದ ನಡಿಗೆನ ಅಲ್ಲಿಗೇ ಹೊಂದಿಸ್ಕೊಳ್ಳಿ.


ಗಂಗಾವತಿ_ಗಾಲಿ

ದಸರಾ ಮುಗೀತು, ಅಪ್ಡೇಟ್ ಹಾಕಾಕತ್ತೀನಿ.

ಹೋಗಿ ಬರೋದು ಚಾಲೂ ಮಾಡಿದೆ. ಮೊದಲನೇ ವಾರ 12+12, ಏನೂ ಆಗಲಿಲ್ಲ. ಮುಂದಿನ ವಾರ 15+15, ಅಂದ್ರ 30, ಮೊಣಕಾಲು ಸುಮ್ಮನ ಇತ್ತು! ಬರೋ ಹೊತ್ತಿನಾಗ ಹೊಲ ಎಡಕ್ಕ ಬಂತು, 26ರ ಸುಮಾರಿಗೆ ಎಡಗಾಲಿನಾಗ ಸಣ್ಣಗ ಅದ ನೋವು ಮಿಂಚಿ ಹೋತು. ಅಲ್ಲೇ ನಿಂತು ಒಬ್ಬಾಂವ ನಕ್ಕೆ, ಹೊಲದಾಗ ಕಳೆ ಕೀಳಾಕತ್ತಿದ್ದ ಹೆಣ್ಮಕ್ಕಳು ಇವಂಗ ಏನಾತು ಅಂತ ನೋಡಾಕತ್ತಿದ್ರು. ಟ್ರ್ಯಾಕ್ಟರ್ ಡಾಕ್ಟರ್‌ಗೆ ನೂರಕ್ಕ ನೂರು.

9-1 ಮಾಡಾಕ ಮೊದಲ ದಿನ ಬಾಳ ಕಷ್ಟ ಆತು, ಕಾಲು ಹುರುಪಿನಾಗ ಇದ್ದಾಗ ವಾಚು ಪೀಂ ಅಂದ್ರ ನಡೀಬೇಕು, ಗೆಳ್ಯಾರು ಮುಂದ ಹೋಗ್ತಾರ. ಅಂದಂಗ ಆತು, ನಕ್ರು. 24ಕ್ಕ ಅವರನ್ನ ಹಿಡದೆ. 28ಕ್ಕ ಜೋಡಿಸೋ ಲೆಕ್ಕ ಹೇಳಿದ ಗೆಳೆಯ ತೂಬಿನ ಕಟ್ಟಿ ಮ್ಯಾಲೆ ಕುಂತಿದ್ದ, ನಾ ಏನೂ ಅನ್ನಲಿಲ್ಲ, ಬೆಲ್ಲ ಕೊಟ್ಟೆ. ಈಗ ಅವನ ವಾಚೂ ಪೀಂ ಅಂತೈತಿ.

ಒಂದು ಹೊಸಾದು ಕಲತದ್ದು. ಹುಣ್ಣಿವಿ ಬೆಳಕು ಸಾಕು ಅಂತ ಇದ್ದೆವಲ್ಲಾ, ಸೀಗಿ ಹುಣ್ಣಿವಿ ಮರುದಿನ ಟ್ರಯಲ್ ನೋಡಿದ್ವಿ. ನಾವು ಓಡೋದು ಮೂಡಣಕ್ಕ. ನಸುಕಿನಾಗ ಚಂದ್ರ ಪಡವಣಕ್ಕ ಇಳದಿರ್ತಾನ, ಅಂದ್ರ ನಮ್ಮ ಬೆನ್ನಿಗೆ. ನಮ್ಮ ನೆರಳು ನಮ್ಮ ಮುಂದ ಉದ್ದಕ ಬಿದ್ದು ಎಲ್ಲಿ ಕಾಲಿಡಬೇಕೋ ಅಲ್ಲೇ ಕತ್ತಲ. ಎರಡು ಸಲ ಎಡವಿದೆ. ಆರೂಕಾಲು ಆದ ಮ್ಯಾಲೆ ಸೂರ್ಯ ಸೀದಾ ಕಣ್ಣಿಗೆ. ಹಿಂಗಾಗಿ ತಲಿ ಲೈಟೂ ಬೇಕು, ಮುಂದ ಅಂಚಿರೋ ಟೊಪ್ಪಿಗೀನೂ ಬೇಕು.

ಗೌರಿ ಹುಣ್ಣಿವಿ ಆದ ಮೊದಲನೇ ರವಿವಾರ ಅಂತ ಫಿಕ್ಸ್ ಮಾಡೀವಿ. ಒಂದ ಕಡೆ ಓಡೋದು ಬಿಟ್ಟೀವಿ, 25 ಹೋಗಿ 25 ಬರೋದು, ಎರಡೂ ಮೊಣಕಾಲು ಪಾಲು ಹಂಚಿಕೊಳ್ಳಲಿ. ಆಫೀಸಿಗೆ ಅರ್ಜಿ ಕೊಟ್ಟೀವಿ, ಒಪ್ಪಿಗಿ ಬಂದ್ರನ ಓಡೋದು. ಅಳಿಯ ಬೈಕಿನ ಮ್ಯಾಲೆ ಹಿಂದ ಬರ್ತಾನ, ಬಕೀಟು, ಹಗ್ಗ, ವಲ್ಲಿ, ಓಆರ್‌ಎಸ್, ಮೊಸರನ್ನದ ಉಂಡಿ. ರಾಯಚೂರ ಸರ್, ಇನ್ನ ಮೂರು ವಾರದಾಗ ಉದ್ದಂದು ಎಷ್ಟ ಓಡಬೇಕು? ಒಮ್ಮೆ 45 ಓಡಿ ನೋಡ್ಲೇನು?


ರಾಯಚೂರ_ಬಿಸಿಲು

45 ಬ್ಯಾಡ. ಅದನ್ನ ಓಡಿದ್ರ ಓಟ ಅವತ್ತೇ ಮುಗೀತು, ಹುಣ್ಣಿವಿಗೆ ಉಳಿಯೋದು ಬರೇ ಸುಸ್ತು. ಈ ಶನಿವಾರ 20, ಮರುದಿನ ರವಿವಾರ ಅದ ದಣಿದ ಕಾಲಿನ ಮ್ಯಾಲೆ 14, ಎರಡೂ ಸಾವಕಾಶ. ಸಪಾಟ ಹಾದಿಯ ಕಡೀ 15 ಕಿಲೋಮೀಟರ್ ಹೆಂಗಿರ್ತದ ಅಂತ ಆ 14ರಾಗ ಗೊತ್ತಾಗ್ತದ. ಮುಂದಿನ ವಾರ ಆ ಎರಡು ದಿನದ 34ನ್ನ ಒಂದ ದಿನದ 20ಕ್ಕ ಇಳಸು, ಕಡೀ ವಾರ ಸುಮ್ಮನ ಮೂರ್ನಾಕು ಸಲ 5-6, ಕಾಲು ತುರಿಸಿದ್ರೂ ಜಾಸ್ತಿ ಓಡಬ್ಯಾಡ. ಬಿಸಿಲು ರೂಢಿ ಆಗ್ಲಿಕ್ಕ ಎರಡು ವಾರ ಬೇಕು, ವಾರಕ್ಕ ಎರಡು ಸಲ 9 ಗಂಟೆ ಬಿಸಿಲಿನಾಗ ಸಣ್ಣದೊಂದು ಓಡು, ನಿಮ್ಮ ಕಡೀ ಎರಡು ತಾಸು ಬಿಸಿಲಿನಾಗ ಬರ್ತದ.

ಶೂ ಒಂದು ನಂಬರ್ ದೊಡ್ಡದು ಇರ್ಲಿ, ಪಾದ ಊದ್ತಾವ. ನನ್ನ ಎರಡು ಉಗುರು ಕಪ್ಪಾಗಿ ಬಿದ್ದದ್ದು ಆ ಸಪಾಟದ 50ರಾಗ.

ಗುಂಪಿನಾಗ ಐದನೇದಾಂವಗ ಜಾಗ ಅದ ಏನು? ರಾಯಚೂರಿಂದ ಶನಿವಾರ ಸಂಜಿಗೆ ಬರ್ತೀನಿ.


ಗಂಗಾವತಿ_ಗಾಲಿ

ಸರ್ ಬರ್ರಿ ಬರ್ರಿ, ನಮ್ಮನೀಗ ಇಳೀರಿ. ಮೆಟ್ಟಿಲು ಇಲ್ಲ ನಮ್ಮನಿಗೆ, ಚಿಂತಿ ಮಾಡಬ್ಯಾಡ್ರಿ.


ಸಿಂಧನೂರ_ಎರಿಹೊಲ

ನಮ್ಮ ಬೀಗರ ಹೊಲ ಕಾರಟಗಿ ಹತ್ರ ದಂಡಿಗೆ ಹಚ್ಚೇ ಐತಿ, ಅವತ್ತು ಅಲ್ಲೇ ಕೊಯ್ಲಿಗೆ ಬಂದಿರ್ತೀನಿ. ತೂಬಿನ ಪಕ್ಕ ಬೇವಿನ ಗಿಡದ ಕೆಳಗ ಉಪ್ಪು ಹಾಕಿದ ಮಜ್ಜಿಗಿ ಕೊಡ ಇಡಸ್ತೀನಿ, ಹೋಗೋ ಹೊತ್ತಿನಾಗ ಅರ್ಧ ಕುಡೀರಿ ಬರೋ ಹೊತ್ತಿನಾಗ ಅರ್ಧ. ಚರಿಗಿ ಅಲ್ಲೇ ಬಿಟ್ಟು ಹೋಗ್ರಿ, ಹೋದ ವರ್ಷ ಯಾರೋ ಒಯ್ದರು. ಮತ್ತ ಭತ್ತ ಒಣಗಾಕ ಹಾಕಿರ್ತೀವಿ, ಅಲ್ಲಿ ಬಂದಾಗ ವಾಚು ಪೀಂ ಅನ್ನಲಿ ಬಿಡಲಿ, ನಡಕೊಂಡ ಹೋಗ್ರಿ.